ಮುಖವಿಲ್ಲದ ಮೂರ್ತಿಯಲ್ಲಿ ಮನುಷ್ಯ ಎಲ್ಲಿದ್ದಾನೆ?

(ಸುವರ್ಣ ಮಹೋತ್ಸವದ ಅಂಗವಾಗಿ ಶಾಲೆಯ ಸಭಾಂಗಣದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಐವತ್ತು ವರ್ಷದ ನೆನಪಿಗೆ ಶಾಲೆಯ ಅಂಗಳದಲ್ಲಿ ಒಂದು ಶಿಲ್ಪ ನಿಲ್ಲಿಸಬೇಕೆಂದು ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘ ಯೋಚಿಸಿರುವುದು ನಿಮಗೆಲ್ಲ ಗೊತ್ತು. ಸಂಘದ ಸಭೆಯಲ್ಲಿ ಎರಡು ಸಲಹೆ ಬಂದವು. ಶಾಲೆಗೆ ಜಾಗ ಕೊಟ್ಟ ಹಿರಿಯರ ಎದೆಮಟ್ಟದ ಪ್ರತಿಮೆ ಮಾಡಿಸೋಣ ಎಂಬುದು ಒಂದು. ಇಲ್ಲಿಯೇ ಓದಿ ಈಗ ಚಿತ್ರಕಲೆ ಕಲಿಯುತ್ತಿರುವ ತಂಗಿಯೊಬ್ಬಳು ಬರೆದುಕೊಟ್ಟ ನಕ್ಷೆ ಇನ್ನೊಂದು. ಅವಳ ನಕ್ಷೆಯಲ್ಲಿ ಎದುರುಬದುರಾಗಿ ಬಾಗಿದ ಎರಡು ಎತ್ತರದ ಕಲ್ಲುಗಳಿವೆ. ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಖಾಲಿ ಜಾಗವಿದೆ. ಕಣ್ಣು, ಮೂಗು, ಬಾಯಿ ಯಾವುದೂ ಇಲ್ಲ. ಅದನ್ನು ನೋಡಿದ ನಮ್ಮೂರಿನ ಹಿರಿಯರೊಬ್ಬರು, “ಎಲ್ಲಾ ಸರಿ ತಮ್ಮಾ, ಇದ್ರಲ್ಲಿ ಮನುಷ್ಯ ಎಲ್ಲಿದಾನೆ?” ಎಂದು ಕೇಳಿದರು. ಕೆಲವರು ನಕ್ಕರು. ನನಗೆ ಮಾತ್ರ ಅದು ತೂಕದ ಪ್ರಶ್ನೆ ಅನ್ನಿಸಿತು. ಕಳೆದ ನೂರು ವರ್ಷಗಳಲ್ಲಿ ಬೇರೆ ಬೇರೆ ದೇಶಗಳ ಜನ ಹೊಸ ಶಿಲ್ಪಗಳ ಎದುರು ನಿಂತು ಕೇಳಿದ್ದು ಇದೇ ಪ್ರಶ್ನೆಯನ್ನು. ಇವತ್ತಿನ ನನ್ನ ಮಾತು ಅವರಿಗೆ ಉತ್ತರ ಕೊಡುವ ಒಂದು ಪ್ರಯತ್ನ.

ನಾನು ಶಿಲ್ಪಿಯಲ್ಲ, ಕಲಾವಿಮರ್ಶಕನೂ ಅಲ್ಲ. ಬಿ.ಇ. ಮಾಡಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಕೆಲಸದ ನಿಮಿತ್ತ ಕೆಲವು ತಿಂಗಳು ನೆದರ್‌ಲ್ಯಾಂಡ್ಸ್ ದೇಶದ ರೋಟರ್‌ಡ್ಯಾಮ್ ಎಂಬ ಬಂದರು ನಗರದಲ್ಲಿದ್ದೆ. ಅಲ್ಲಿ ದಿನಾ ಕಣ್ಣಿಗೆ ಬೀಳುತ್ತಿದ್ದ ಒಂದು ಶಿಲ್ಪ ಈ ವಿಷಯದ ಹುಚ್ಚು ಹಿಡಿಸಿತು. ಅದರ ಬಗ್ಗೆ ಆಮೇಲೆ ಹೇಳುತ್ತೇನೆ. ಮೊದಲು ನಮ್ಮ ಊರ ಸುತ್ತಲಿನ ಕಲ್ಲುಗಳಿಂದಲೇ ಶುರು ಮಾಡೋಣ.

ನಮ್ಮ ಸೀಮೆಯಲ್ಲಿ ವೀರಗಲ್ಲು ಇಲ್ಲದ ಊರು ಕಡಿಮೆ. ಕೆರೆ ಏರಿಯ ಮೇಲೆ, ದೇವಸ್ಥಾನದ ಹಿಂದೆ, ಹೊಲದ ಬದುವಿನಲ್ಲಿ ನಿಂತಿರುತ್ತವೆ. ಕೆಲವಕ್ಕೆ ಕುಂಕುಮ ಹಚ್ಚಿ ಪೂಜೆ ಮಾಡುತ್ತೇವೆ, ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ. ಸಾಮಾನ್ಯವಾಗಿ ಅದರಲ್ಲಿ ಮೂರು ಪಟ್ಟಿಕೆ ಇರುತ್ತವೆ. ಕೆಳಗಿನದರಲ್ಲಿ ಹೋರಾಟ: ತುರು ಹಿಡಿದವರ ಜೊತೆಗೋ ಊರಿನ ಮೇಲೆ ಬಿದ್ದವರ ಜೊತೆಗೋ ಕಾದಾಡುತ್ತಿರುವ ವೀರ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಲಿಂಗದ ಎದುರು ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ ಚಂದ್ರ. ಅವರಿರುವ ತನಕ ಈ ಹೆಸರು ಇರಲಿ ಎಂದು ಅರ್ಥ.

ಈಗ ಒಂದು ಮಾತು ಕೇಳುತ್ತೇನೆ. ಆ ವೀರನ ಮುಖ ನೋಡಿ ಯಾರಾದರೂ, ಇವನು ಇಂಥವನೇ ಎಂದು ಗುರುತು ಹಿಡಿಯಲು ಸಾಧ್ಯವೇ? ಹತ್ತು ವೀರಗಲ್ಲುಗಳ ಮುಖ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಕೆತ್ತಿದವನಿಗೆ ಮುಖದ ಹೋಲಿಕೆ ಬೇಕಾಗಿರಲಿಲ್ಲ. ಸತ್ತವನು ಮಾಡಿದ ಕೆಲಸ ಬೇಕಾಗಿತ್ತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೇ ಶತಮಾನದ ಒಂದು ಕಲ್ಲು ಸಿಕ್ಕಿತ್ತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಡುಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪು ಅದರಲ್ಲಿದೆ. ಶಿಲ್ಪಿ ಕಾಳಿಯ ಮೂತಿಯ ಹೋಲಿಕೆಗೆ ತಲೆ ಕೆಡಿಸಿಕೊಳ್ಳಲಿಲ್ಲ. ಹಂದಿಯ ಮೇಲೆ ಬಿದ್ದ ನಾಯಿಯನ್ನು ಕೆತ್ತಿದ, ಅಷ್ಟೇ. ಸಾವಿರ ವರ್ಷದ ಮೇಲೂ ನಾವು ಕಾಳಿಯ ಹೆಸರು ಹೇಳುತ್ತಿದ್ದೇವೆ.

ಇದಕ್ಕಿಂತ ಮುಂದೆ ಹೋದ ಕಲ್ಲೂ ನಮ್ಮಲ್ಲಿದೆ. ಅದು ಮಾಸ್ತಿಕಲ್ಲು. ಗಂಡನ ಚಿತೆಗೆ ಹೋದ ಹೆಂಗಸಿನ ನೆನಪಿಗೆ ನೆಟ್ಟದ್ದು. ಹಲವು ಮಾಸ್ತಿಕಲ್ಲುಗಳಲ್ಲಿ ಪೂರ್ತಿ ಹೆಂಗಸೇ ಇರುವುದಿಲ್ಲ. ಒಂದು ಕಂಬ, ಕಂಬದಿಂದ ಹೊರಚಾಚಿ ಮೊಣಕೈಯಲ್ಲಿ ಮೇಲಕ್ಕೆ ಮಡಿಚಿದ ಒಂದು ತೋಳು, ಮಣಿಕಟ್ಟಿನಲ್ಲಿ ಬಳೆ. ಮುಖ ಇಲ್ಲ, ಮೈ ಇಲ್ಲ, ಕಾಲಿಲ್ಲ. ಆದರೂ ಅದರ ಮುಂದೆ ನಿಂತ ನಮ್ಮ ಅಜ್ಜಿಯರು, ಇದರಲ್ಲಿ ಹೆಂಗಸು ಎಲ್ಲಿದ್ದಾಳೆ ಎಂದು ಕೇಳಲಿಲ್ಲ. ಆ ಒಂದು ತೋಳಿನಲ್ಲಿ ಅವಳು ಇದ್ದಾಳೆ ಎಂದು ಅವರಿಗೆ ಗೊತ್ತಿತ್ತು. ಹಾಗಾಗಿ ಮುಖವಿಲ್ಲದ ಮೂರ್ತಿ ವಿಲಾಯಿತಿಯಿಂದ ಬಂದ ಹೊಸ ಖಯಾಲಿ ಎಂದು ಯಾರಾದರೂ ಹೇಳಿದರೆ, ಅವರನ್ನು ಮಾಸ್ತಿಕಲ್ಲಿನ ಹತ್ತಿರ ಕರೆದುಕೊಂಡು ಹೋಗಿ.

ಹೀಗೆ ಇದ್ದದ್ದೆಲ್ಲವನ್ನೂ ತೋರಿಸದೆ, ಬೇಕಾದ್ದನ್ನು ಉಳಿಸಿಕೊಂಡು ಮಿಕ್ಕದ್ದನ್ನು ತೆಗೆಯುವುದಕ್ಕೆ ಅಮೂರ್ತಗೊಳಿಸುವುದು ಎನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ನಾವೆಲ್ಲ ಮಾಡುವಂಥದ್ದೇ. ಸರ್ವೆಯವರು ಬರೆಯುವ ಹೊಲದ ನಕ್ಷೆಯಲ್ಲಿ ಪೈರಿಲ್ಲ, ಬಾವಿಯ ನೀರಿನ ರುಚಿಯಿಲ್ಲ. ಗಡಿ ಮಾತ್ರ ಇದೆ, ಯಾಕೆಂದರೆ ಜಗಳ ಬರುವುದು ಗಡಿಗೆ. ಸಾಫ್ಟ್‌ವೇರಿನಲ್ಲಿ ನಾವು ಬೆಳಗಿನಿಂದ ಸಂಜೆಯವರೆಗೆ ಮಾಡುವುದೂ ಇದನ್ನೇ: ಯಾವ ವಿವರ ಉಳಿಸಬೇಕು, ಯಾವುದನ್ನು ಬಿಡಬೇಕು. ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಗದ್ದೆಯ ಬೆರ್ಚಪ್ಪನನ್ನು ನೋಡಿ. ಅಡ್ಡ ಒಂದು ಕೋಲು, ಉದ್ದ ಒಂದು ಕೋಲು, ಮೇಲೊಂದು ಮಡಕೆ, ಹರಿದ ಅಂಗಿ. ಹಕ್ಕಿಗೆ ಅಷ್ಟು ಸಾಕು, ಮನುಷ್ಯ ನಿಂತಿದ್ದಾನೆ ಎಂದು ಹಾರಿ ಹೋಗುತ್ತದೆ. ನಿಂತ ಮನುಷ್ಯನ ಮುಖ್ಯ ಲಕ್ಷಣ ಯಾವುದು ಎಂದು ನಮ್ಮ ರೈತ ಯೋಚಿಸಿ ಉಳಿಸಿದ್ದು ಚಾಚಿದ ಎರಡು ತೋಳು. ಆಧುನಿಕ ಶಿಲ್ಪಿಯೂ ಇದೇ ಲೆಕ್ಕ ಹಾಕುತ್ತಾನೆ. ವ್ಯತ್ಯಾಸ ಇಷ್ಟೇ, ಅವನು ಹೆದರಿಸಲು ಹೊರಟಿಲ್ಲ, ನೆನಪಿಸಲು ಹೊರಟಿದ್ದಾನೆ.

ಈಗ ರೋಟರ್‌ಡ್ಯಾಮಿಗೆ ಹೋಗೋಣ. 1940ರ ಮೇ 14ರಂದು ಹಿಟ್ಲರನ ಜರ್ಮನಿಯ ವಿಮಾನಗಳು ಆ ಊರಿನ ಮೇಲೆ ಬಾಂಬು ಸುರಿದವು. ದಾಳಿ ನಡೆದದ್ದು ಕೆಲವೇ ನಿಮಿಷ. ಆಮೇಲೆ ಹತ್ತಿಕೊಂಡ ಬೆಂಕಿ ಊರಿನ ನಡುಭಾಗವನ್ನೇ ತಿಂದುಹಾಕಿತು. ನೂರಾರು ಜನ ಸತ್ತರು, ಸುಮಾರು 80,000 ಜನ ಮನೆ ಕಳೆದುಕೊಂಡರು. ಯುದ್ಧ ಮುಗಿದ ಮೇಲೆ ಓಸಿಪ್ ಝಾಡ್‌ಕಿನ್ ಎಂಬ ಶಿಲ್ಪಿ ಆ ಊರನ್ನು ನೋಡಿದ. ಈಗಿನ ಬೆಲಾರುಸ್‌ನ ವಿಟೆಬ್ಸ್ಕ್‌ನಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ನೆಲೆಸಿದ್ದವನು. ಊರಿನ ನಡುವೆ ಊರೇ ಇರಲಿಲ್ಲ. ಅದನ್ನು ಕಂಡು ಅವನು ಮಾಡಿದ ಶಿಲ್ಪದ ಹೆಸರು ‘ನಾಶವಾದ ನಗರ’. 1953ರ ಮೇ ತಿಂಗಳಿನಲ್ಲಿ ಅದನ್ನು ಬಂದರಿನ ಪಕ್ಕ ನಿಲ್ಲಿಸಿದರು. ಕಂಚಿನದು, ಸುಮಾರು ಆರೂವರೆ ಮೀಟರ್ ಎತ್ತರ.

ಮನುಷ್ಯನ ಆಕೃತಿ ಎಂದು ಗುರುತು ಸಿಗುತ್ತದೆ. ಆದರೆ ಮೈ ಮುರಿದ ಮೂಲೆಗಳಾಗಿದೆ, ಕಾಲುಗಳು ಸೊಟ್ಟಗೆ ಮಡಿಚಿವೆ, ತಲೆ ಹಿಂದಕ್ಕೆ ಬಿದ್ದಿದೆ, ಎರಡು ಕೈಗಳೂ ಆಕಾಶದ ಕಡೆ ಎದ್ದಿವೆ. ಎದೆಯಿಂದ ಹೊಟ್ಟೆಯವರೆಗೆ ದೊಡ್ಡ ತೂತು. ಆಚೆಯ ಆಕಾಶ ಅದರೊಳಗಿಂದ ಕಾಣುತ್ತದೆ. ಅದು ಒಬ್ಬ ಮನುಷ್ಯನ ಪ್ರತಿಮೆ ಅಲ್ಲ, ಒಂದು ಊರಿನ ಪ್ರತಿಮೆ. ಊರಿನ ಗುಂಡಿಗೆ ಕಿತ್ತುಹೋದದ್ದನ್ನು ಶಿಲ್ಪಿ ಮನುಷ್ಯನ ಮೈಯಲ್ಲಿ ತೋರಿಸಿದ್ದಾನೆ. ಊರಿನವರು ಮೊದಲಿಗೆ ಅದಕ್ಕೆ ಅಡ್ಡಹೆಸರು ಇಟ್ಟರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ‘ತೂತಿನ ಯಾನ್’ ಎಂಬಂಥ ಹೆಸರು. ಯಾನ್ ಎಂದರೆ ಅಲ್ಲಿ ನಮ್ಮ ಕಡೆಯ ರಾಮ, ಭೀಮ ಇದ್ದ ಹಾಗೆ. ನಮ್ಮೂರಿನಲ್ಲಿ ನಿಲ್ಲಿಸಿದ್ದರೂ ಇಂಥದ್ದೇ ಹೆಸರು ಬೀಳುತ್ತಿತ್ತು, ಅನುಮಾನ ಬೇಡ. ಇನ್ನೊಂದು ಹೆಸರೂ ಬಿತ್ತು: ‘ಹೃದಯವಿಲ್ಲದ ಊರು’. ತಮಾಷೆಗೆ ಹೆಸರಿಟ್ಟ ಜನವೇ ಶಿಲ್ಪವನ್ನು ಸರಿಯಾಗಿ ಓದಿಯೂ ಇದ್ದರು.

ಒಂದು ವಿಷಯ ಗಮನಿಸಿ. ಸತ್ತವರಲ್ಲಿ ಒಬ್ಬರ ಮುಖವನ್ನು ಚಂದವಾಗಿ ಕೆತ್ತಿದ್ದರೆ ಅದು ಆ ಮನೆಯವರ ನೆನಪಾಗುತ್ತಿತ್ತು. ಎಲ್ಲರ ಮುಖ ಕೆತ್ತುವುದು ಆಗದ ಮಾತು. ಆ ತೂತು ಮಾತ್ರ ಎಲ್ಲರಿಗೂ ಆಗುತ್ತದೆ. ಅಪ್ಪನನ್ನು ಕಳೆದುಕೊಂಡವನು ಅದರಲ್ಲಿ ಅಪ್ಪನನ್ನು ಕಾಣಬಹುದು, ಅಂಗಡಿ ಕಳೆದುಕೊಂಡವನು ಅಂಗಡಿ ಇದ್ದ ಬೀದಿಯನ್ನು ಕಾಣಬಹುದು. ಇಲ್ಲದ್ದನ್ನು ಇಲ್ಲ ಎಂದೇ ತೋರಿಸುವುದು ಹೇಗೆ ಎಂಬ ಕಷ್ಟಕ್ಕೆ ಝಾಡ್‌ಕಿನ್ ಕಂಡುಕೊಂಡ ದಾರಿ ಅದು. ಆ ಊರಿನಲ್ಲಿ ಇನ್ನೊಂದನ್ನೂ ಮಾಡಿದ್ದಾರೆ. ಅಂದಿನ ಬೆಂಕಿ ಎಲ್ಲಿಯವರೆಗೆ ಬಂದಿತ್ತೋ ಆ ಗಡಿಯುದ್ದಕ್ಕೂ ಪಾದಚಾರಿ ದಾರಿಯಲ್ಲಿ ಕೆಂಪು ದೀಪದ ಗುರುತುಗಳನ್ನು ಹೂತಿದ್ದಾರೆ. ಕಚೇರಿಗೆ ಹೋಗುವವರು, ಮಾರುಕಟ್ಟೆಗೆ ಹೋಗುವವರು ದಿನಾ ಆ ಗಡಿಕಲ್ಲು ದಾಟುತ್ತಾರೆ.

ದೂರದ ಯುರೋಪಿನ ಮಾತಾಯಿತು, ನಮ್ಮ ದೇಶದಲ್ಲಿ? ಸೋಮನಾಥ ಹೋರ್ ಅವರ ಹೆಸರು ಹೇಳಬೇಕು. 1921ರಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ಚಿತ್ತಗಾಂಗ್ ಕಡೆ ಹುಟ್ಟಿದವರು. 1943ರಲ್ಲಿ ಬಂಗಾಳದಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತ ಬರಗಾಲ ಬಂದಾಗ ಅವರು ಇಪ್ಪತ್ತರ ಆಚೀಚಿನ ಹುಡುಗ. ಬೀದಿಯಲ್ಲಿ ಬಿದ್ದವರನ್ನು ಕಣ್ಣಾರೆ ಕಂಡು ಚಿತ್ರ ಬರೆದರು. ಆಮೇಲೆ ಬಹಳ ವರ್ಷ ಮುದ್ರಣ ಚಿತ್ರದ ಕೆಲಸ ಮಾಡಿದರು, ಶಾಂತಿನಿಕೇತನದ ಕಲಾಭವನದಲ್ಲಿ ಮೇಷ್ಟ್ರಾಗಿದ್ದರು. 1970ರ ದಶಕದಲ್ಲಿ ‘ಗಾಯಗಳು’ ಎಂಬ ಒಂದು ಸರಣಿ ಮಾಡಿದರು. ಅದರಲ್ಲಿ ಬಣ್ಣವೇ ಇಲ್ಲ. ಬಿಳಿ ಕಾಗದದ ತಿರುಳಿನಲ್ಲಿ ಬಿಳಿಯದೇ ಉಬ್ಬು, ತಗ್ಗು, ಸೀಳು. ಹತ್ತಿರ ಹೋದರೆ ಚರ್ಮದ ಮೇಲಿನ ಗಾಯದ ಹಾಗೆ ಕಾಣುತ್ತದೆ. ಮನುಷ್ಯನ ಆಕೃತಿ ಪೂರ್ತಿ ಮಾಯವಾಗಿ ಗಾಯ ಒಂದೇ ಉಳಿದಿದೆ.

ಅದೇ ದಶಕದಲ್ಲಿ ಅವರು ಕಂಚಿನ ಶಿಲ್ಪಕ್ಕೂ ಕೈ ಹಾಕಿದರು. ಮೇಣದ ಹಾಳೆಗಳನ್ನು ಕತ್ತರಿಸಿ, ಸೀಳಿ, ಮಡಿಚಿ, ಜೋಡಿಸಿ, ಅದರಿಂದ ಕಂಚು ಎರಕ ಹೊಯ್ಯುವ ವಿಧಾನ ಅವರದು. ಎರಕದ ಕೆಲಸ ಬಲ್ಲವರಿಗೆ ಇದು ಅರ್ಥವಾಗುತ್ತದೆ: ಮೇಣಕ್ಕೆ ಬಿದ್ದ ಪ್ರತಿ ಗೀರೂ ಕಂಚಿನಲ್ಲಿ ಉಳಿಯುತ್ತದೆ. ಪಕ್ಕೆಲುಬು, ಒಳಗೆ ಪೊಳ್ಳಾದ ಹೊಟ್ಟೆ, ಬಾಗಿದ ಬೆನ್ನು. ಹೊಟ್ಟೆಯ ಜಾಗದಲ್ಲಿ ಹೊಟ್ಟೆಯೇ ಇಲ್ಲದಿರುವುದನ್ನು ನೋಡಿದರೆ ಹಸಿವು ಎಂಬ ಮಾತನ್ನು ಬೇರೆ ಬರೆಯಬೇಕಾಗಿಲ್ಲ. ವಿಯೆಟ್ನಾಂ ಜನರ ಹೋರಾಟಕ್ಕೆ ಗೌರವವಾಗಿ ಅವರು ‘ತಾಯಿ ಮತ್ತು ಮಗು’ ಎಂಬ ದೊಡ್ಡ ಕಂಚಿನ ಶಿಲ್ಪ ಮಾಡಿದ್ದರು. ಮುಗಿದ ಕೆಲವೇ ದಿನಗಳಲ್ಲಿ ಅದು ಕಲಾಭವನದಿಂದ ಕಳುವಾಯಿತು, ಮತ್ತೆ ಸಿಗಲಿಲ್ಲ. ಮೂವತ್ತು ವರ್ಷದ ಹಿಂದೆ ಕಂಡ ಹಸಿದ ಮೈಗಳು ಅವರ ಕೈಯನ್ನು ಬಿಟ್ಟಿರಲಿಲ್ಲ. ನೆನಪು ಹಾಗೆಯೇ ಅಲ್ಲವೇ? ಮುಖದ ವಿವರ ಮಾಸಿ ಹೋಗುತ್ತದೆ, ನೋವು ಮಾತ್ರ ತನ್ನ ಆಕಾರವನ್ನು ಉಳಿಸಿಕೊಳ್ಳುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ ಮೈಯ ತುಣುಕೂ ಇಲ್ಲದ ಶಿಲ್ಪ ಸಿಗುತ್ತದೆ. ರುಮೇನಿಯಾ ದೇಶದ ತಿರ್ಗು ಜಿಯು ಎಂಬ ಊರು. ಮೊದಲ ಮಹಾಯುದ್ಧದಲ್ಲಿ, 1916ರಲ್ಲಿ, ಆ ಊರನ್ನು ಕಾಯಲು ಹೋರಾಡಿ ಸತ್ತವರ ನೆನಪಿಗೆ ಅಲ್ಲಿನ ಮಹಿಳಾ ಸಂಘದವರು ಒಂದು ಸ್ಮಾರಕ ಮಾಡಿಸಲು ಹೊರಟರು. ಹೌದು, ಮಹಿಳಾ ಸಂಘದವರು. ಕೇಳಿದ್ದು ಕಾನ್‌ಸ್ಟಾಂಟಿನ್ ಬ್ರಾಂಕೂಸಿಯನ್ನು. ಆ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಪ್ಯಾರಿಸಿನಲ್ಲಿ ಜಗತ್ತಿಗೇ ಹೆಸರಾದವನು. 1938ರಲ್ಲಿ ಸ್ಮಾರಕ ಸಿದ್ಧವಾಯಿತು. ಅದರಲ್ಲಿ ಸೈನಿಕನಿಲ್ಲ, ಬಂದೂಕಿಲ್ಲ, ಕುದುರೆಯಿಲ್ಲ. ನದಿಯ ಹತ್ತಿರ ಒಂದು ದುಂಡನೆಯ ಕಲ್ಲಿನ ಮೇಜು, ಸುತ್ತ ಹನ್ನೆರಡು ಕಲ್ಲಿನ ಪೀಠ. ಅದರ ಹೆಸರು ‘ಮೌನದ ಮೇಜು’. ಮುಂದೆ ನಡೆದರೆ ಒಂದು ಕಲ್ಲಿನ ಬಾಗಿಲು, ‘ಚುಂಬನದ ದ್ವಾರ’. ಅಲ್ಲಿಂದ ಊರಿನ ಬೀದಿಯನ್ನು ಹಾದು ಒಂದು ಕಿಲೋಮೀಟರಿಗೂ ಹೆಚ್ಚು ನಡೆದರೆ, ಇಪ್ಪತ್ತೊಂಬತ್ತು ಮೀಟರಿಗೂ ಎತ್ತರದ ‘ಅಂತ್ಯವಿಲ್ಲದ ಕಂಬ’.

ಇಂಜಿನಿಯರ್ ಆದ ನನಗೆ ಆ ಕಂಬದ ಮೇಲೆ ಪ್ರೀತಿ. ಒಳಗೆ ಉಕ್ಕಿನ ಕಂಬ. ಅದಕ್ಕೆ ಮಣಿ ಪೋಣಿಸಿದ ಹಾಗೆ ಎರಕದ ಕಬ್ಬಿಣದ ಒಂದೇ ಅಳತೆಯ ತುಂಡುಗಳನ್ನು ಒಂದರ ಮೇಲೊಂದು ಇಳಿಸಿದ್ದಾರೆ. ಒಂದೊಂದು ತುಂಡೂ ನಡುವಿನಲ್ಲಿ ಉಬ್ಬಿ ಎರಡು ತುದಿಯಲ್ಲಿ ಕಿರಿದಾಗುತ್ತದೆ. ಕಿರಿದಾದ ಕಡೆ 45 ಸೆಂಟಿಮೀಟರ್, ಉಬ್ಬಿದ ಕಡೆ 90, ಎತ್ತರ 180. ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು. ಹದಿನೈದು ಪೂರ್ತಿ ತುಂಡುಗಳು, ಬುಡದಲ್ಲಿ ಅರ್ಧ, ತುದಿಯಲ್ಲೂ ಅರ್ಧ. ತುದಿಯ ಆ ಅರ್ಧದಲ್ಲಿಯೇ ಇರುವುದು ಗುಟ್ಟು. ಪೂರ್ತಿ ತುಂಡಿನಲ್ಲಿ ಮುಗಿಸಿದ್ದರೆ ಕಂಬ ಮುಗಿದ ಹಾಗೆ ಕಾಣುತ್ತಿತ್ತು. ಅರ್ಧಕ್ಕೆ ನಿಲ್ಲಿಸಿದ್ದರಿಂದ ಮೇಲೆ ಇನ್ನೂ ಇದೆ, ನಮಗೆ ಕಾಣುತ್ತಿಲ್ಲ ಅಷ್ಟೇ ಅನ್ನಿಸುತ್ತದೆ. ಅರ್ಧಕ್ಕೆ ನಿಂತ ಆಯುಸ್ಸುಗಳಿಗೆ ಇದಕ್ಕಿಂತ ಸರಿಯಾದ ಗುರುತು ಬೇರೆ ಏನಿರಲು ಸಾಧ್ಯ? ಆ ಸೀಮೆಯ ಹಳ್ಳಿಮನೆಗಳ ಜಗಲಿಯ ಮರದ ಕಂಬಗಳಲ್ಲಿ ಇಂಥ ಕೆತ್ತನೆ ಮೊದಲಿನಿಂದಲೂ ಇತ್ತು. ಶಿಲ್ಪಿ ಊರಿನ ಕಂಬವನ್ನೇ ಊರಿಗೆ ವಾಪಸು ಕೊಟ್ಟ.

ಇಲ್ಲಿ ಮನುಷ್ಯನ ಆಕೃತಿ ಎಲ್ಲಿದೆ? ಮೇಜಿನ ಸುತ್ತ ಖಾಲಿ ಪೀಠಗಳಿವೆಯಲ್ಲ, ಅಲ್ಲಿದೆ. ಪೀಠದ ಎತ್ತರ, ಬಾಗಿಲಿನ ಅಗಲ ಎಲ್ಲವೂ ಮನುಷ್ಯನ ಮೈಯ ಲೆಕ್ಕದಲ್ಲಿವೆ. ಊಟಕ್ಕೆ ಬರಬೇಕಾಗಿದ್ದವರು ಬರಲಿಲ್ಲ ಎಂದು ಖಾಲಿ ಪೀಠ ಹೇಳುತ್ತದೆ. ನಮ್ಮ ಮನೆಗಳಲ್ಲಿ ಅಜ್ಜ ತೀರಿಕೊಂಡ ಮೇಲೆ ಅವರು ಕೂರುತ್ತಿದ್ದ ಜಗಲಿಯ ಮೂಲೆಯಲ್ಲಿ ಸ್ವಲ್ಪ ದಿನ ಯಾರೂ ಕೂರುವುದಿಲ್ಲ. ಆ ಮೂಲೆಯಲ್ಲಿ ಕಲ್ಲು ನೆಟ್ಟವರಿಲ್ಲ, ಆದರೂ ಅದು ಅಜ್ಜನ ಶಿಲ್ಪವೇ. ಕಮ್ಯುನಿಸ್ಟ್ ಆಡಳಿತದ ಕಾಲದಲ್ಲಿ, 1950ರ ದಶಕದಲ್ಲಿ, ಈ ಕಂಬವನ್ನು ಕೆಡವಲು ನೋಡಿದರಂತೆ, ಬೀಳಲಿಲ್ಲ. 2024ರಲ್ಲಿ ನಮ್ಮ ನವದೆಹಲಿಯಲ್ಲೇ ನಡೆದ ಸಭೆಯಲ್ಲಿ ಯುನೆಸ್ಕೋ ಈ ಇಡೀ ಸ್ಮಾರಕವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಕೊನೆಯ ಉದಾಹರಣೆ ಅಮೆರಿಕದ್ದು, ಆದರೆ ಕಲ್ಲು ನಮ್ಮದು. ವಿಯೆಟ್ನಾಂ ಯುದ್ಧದಲ್ಲಿ ಸತ್ತ ಅಮೆರಿಕದ ಸೈನಿಕರಿಗೆ ವಾಷಿಂಗ್ಟನ್ನಿನಲ್ಲಿ ಸ್ಮಾರಕ ಕಟ್ಟಲು 1981ರಲ್ಲಿ ಸ್ಪರ್ಧೆ ನಡೆಯಿತು. 1,421 ನಕ್ಷೆಗಳು ಬಂದವು. ತೀರ್ಪುಗಾರರಿಗೆ ಹೆಸರು ಕಾಣದ ಹಾಗೆ ಇಟ್ಟಿದ್ದರು. ಗೆದ್ದದ್ದು ಮಾಯಾ ಲಿನ್ ಎಂಬ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿನಿ. ಅವಳ ನಕ್ಷೆಯಲ್ಲಿ ಪ್ರತಿಮೆಯೇ ಇರಲಿಲ್ಲ. ನೆಲವನ್ನು ಸೀಳಿದಂತೆ ಇಳಿಯುವ ಎರಡು ಕರಿಕಲ್ಲಿನ ಗೋಡೆಗಳು, ಮೂಲೆಯಲ್ಲಿ ಒಂದನ್ನೊಂದು ಸೇರುತ್ತವೆ. ಮೇಲೆ ಸತ್ತವರ ಹೆಸರು, ಹುದ್ದೆಯ ಕ್ರಮದಲ್ಲಿ ಅಲ್ಲ, ಅಕ್ಷರ ಕ್ರಮದಲ್ಲೂ ಅಲ್ಲ, ಬಲಿಯಾದ ದಿನಾಂಕದ ಕ್ರಮದಲ್ಲಿ. ಗೋಡೆಗಳು ಸೇರುವ ಮೂಲೆಯಲ್ಲಿ ಪಟ್ಟಿ ಶುರುವಾಗುತ್ತದೆ, ಸುತ್ತಿ ಬಂದು ಅಲ್ಲಿಯೇ ಮುಗಿಯುತ್ತದೆ. ಮೊದಲು ಸತ್ತವನೂ ಕೊನೆಗೆ ಸತ್ತವನೂ ಪಕ್ಕಪಕ್ಕ. ಒಟ್ಟು 58,000ಕ್ಕೂ ಹೆಚ್ಚು ಹೆಸರು.

ಆ ಕರಿಯ ಗ್ರಾನೈಟ್ ಹೋದದ್ದು ನಮ್ಮ ಬೆಂಗಳೂರಿನ ಕಡೆಯಿಂದ. ಅದನ್ನು ಕನ್ನಡಿಯ ಹಾಗೆ ಹೊಳಪು ಕೊಟ್ಟಿದ್ದಾರೆ. ಮಗನ ಹೆಸರು ಹುಡುಕುತ್ತ ಬಂದ ತಾಯಿ ಗೋಡೆಯ ಮುಂದೆ ನಿಂತರೆ, ಹೆಸರಿನ ಮೇಲೆ ಅವಳ ಮುಖವೇ ಮೂಡುತ್ತದೆ. ಕೆತ್ತಿದ ಮುಖ ಒಂದೂ ಇಲ್ಲ, ಆದರೆ ಬಂದವರೆಲ್ಲರ ಮುಖ ಅಲ್ಲಿದೆ. ಜನ ಹೆಸರಿನ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದುಕೊಂಡು ಮನೆಗೆ ಒಯ್ಯುತ್ತಾರೆ. ಚಿಕ್ಕಂದಿನಲ್ಲಿ ನಾವು ನಾಣ್ಯದ ಮೇಲೆ ಕಾಗದ ಇಟ್ಟು ಉಜ್ಜುತ್ತಿದ್ದೆವಲ್ಲ, ಹಾಗೆ.

ಅಲ್ಲಿಯೂ ಜಗಳವಾಯಿತು. ಇದು ಅವಮಾನ, ಸೈನಿಕನ ಪ್ರತಿಮೆ ಎಲ್ಲಿ, ಬಾವುಟ ಎಲ್ಲಿ ಎಂದು ಹಲವರು ಗಲಾಟೆ ಮಾಡಿದರು. 1982ರಲ್ಲಿ ಗೋಡೆ ಸಿದ್ಧವಾಯಿತು. ಎರಡು ವರ್ಷದ ನಂತರ, 1984ರಲ್ಲಿ, ಸ್ವಲ್ಪ ದೂರದಲ್ಲಿ ಮೂವರು ಸೈನಿಕರ ಕಂಚಿನ ಪ್ರತಿಮೆಯನ್ನೂ ನಿಲ್ಲಿಸಿದರು. ಆ ಪ್ರತಿಮೆಯೂ ಚೆನ್ನಾಗಿಯೇ ಇದೆ. ಆದರೆ ಬೇಡವೆಂದು ಕೂಗಾಡಿಸಿಕೊಂಡ ಗೋಡೆಯ ಹತ್ತಿರ ಇಂದಿಗೂ ಜನ ಹೂವು, ಪತ್ರ, ಸತ್ತವರ ವಸ್ತುಗಳನ್ನು ತಂದಿಟ್ಟು ಹೋಗುತ್ತಾರೆ.

ಹಾಗಾದರೆ ಇಂಥ ಶಿಲ್ಪವನ್ನು ನೋಡುವುದು ಹೇಗೆ? ವಿದ್ಯಾರ್ಥಿಗಳು ಬರೆದುಕೊಳ್ಳುವುದಾದರೆ ನಾಲ್ಕು ಪ್ರಶ್ನೆ ಹೇಳುತ್ತೇನೆ. ಮೈಯಲ್ಲಿ ಏನು ಉಳಿಸಿದ್ದಾರೆ? ಏನು ತೆಗೆದಿದ್ದಾರೆ? ಯಾವ ವಸ್ತುವಿನಿಂದ ಮಾಡಿದ್ದಾರೆ, ಆ ವಸ್ತು ತಾನೇ ಏನಾದರೂ ಹೇಳುತ್ತದೆಯೇ? ಅದರ ಮುಂದೆ ನಿಂತಾಗ ನಮ್ಮ ಮೈ ಏನು ಮಾಡುತ್ತದೆ, ತಲೆ ಎತ್ತುತ್ತದೆಯೇ, ಬಗ್ಗುತ್ತದೆಯೇ, ಒಳಗೆ ಹೋಗುತ್ತದೆಯೇ? ‘ಇದರ ಅರ್ಥ ಏನು’ ಎಂದು ಮೊದಲೇ ಕೇಳಬೇಡಿ. ಈ ನಾಲ್ಕಕ್ಕೆ ಉತ್ತರ ಹುಡುಕುತ್ತಾ ಹೋದರೆ ಅರ್ಥ ತಾನಾಗಿ ಹತ್ತಿರ ಬರುತ್ತದೆ. ಒಬ್ಬರಿಗೆ ಬಂದ ಅರ್ಥ ಇನ್ನೊಬ್ಬರಿಗೆ ಬರಲೇಬೇಕು ಎಂದಿಲ್ಲ.

ಇಷ್ಟು ಹೇಳಿ ಮುಖವಿಲ್ಲದ್ದೆಲ್ಲ ಶ್ರೇಷ್ಠ ಎಂದುಬಿಟ್ಟರೆ ತಪ್ಪಾಗುತ್ತದೆ. ಎರಡನೆಯ ಪ್ರಶ್ನೆಯನ್ನು ಇಟ್ಟುಕೊಂಡು ಮಾಸ್ತಿಕಲ್ಲಿನ ಹತ್ತಿರ ಮತ್ತೊಮ್ಮೆ ಹೋಗಿ. ಅಲ್ಲಿ ಉಳಿಸಿದ್ದು ಬಳೆ ತೊಟ್ಟ ತೋಳು, ಅಂದರೆ ಒಬ್ಬನ ಹೆಂಡತಿ ಎಂಬ ಗುರುತು. ತೆಗೆದದ್ದು ಅವಳ ಮುಖ, ಬಹಳ ಕಡೆ ಹೆಸರು ಕೂಡ. ಅವಳಿಗೆ ಏನು ಇಷ್ಟವಿತ್ತು, ಬೆಂಕಿಯ ಹತ್ತಿರ ನಿಂತಾಗ ಏನನ್ನಿಸಿತು, ಯಾರು ಅವಳನ್ನು ಅಲ್ಲಿಯವರೆಗೆ ನಡೆಸಿಕೊಂಡು ಹೋದರು ಎಂಬುದಕ್ಕೆ ಆ ಕಲ್ಲಿನಲ್ಲಿ ಜಾಗವಿಲ್ಲ. ಆ ಪದ್ಧತಿಯನ್ನು ಬ್ರಿಟಿಷ್ ಬಂಗಾಳದಲ್ಲಿ 1829ರಲ್ಲೇ ನಿಷೇಧಿಸಿದರು. ಸ್ವತಂತ್ರ ಭಾರತದ 1987ರ ಕಾನೂನಿನ ಪ್ರಕಾರ ಅದನ್ನು ಹೊಗಳಿ ಮೆರೆಸುವುದೂ ಅಪರಾಧ. ಕಲ್ಲನ್ನು ಉಳಿಸಿಕೊಳ್ಳೋಣ, ಅದು ಚರಿತ್ರೆ. ಆದರೆ ಒಂದು ವಿಷಯ ತಿಳಿದಿರಲಿ: ಬಿಡುವುದು ಎಂದರೆ ಒಮ್ಮೊಮ್ಮೆ ಎಲ್ಲರಿಗೂ ಜಾಗ ಮಾಡಿಕೊಡುವುದು, ಒಮ್ಮೊಮ್ಮೆ ಒಬ್ಬರನ್ನು ಅಳಿಸಿಹಾಕುವುದು. ಶಿಲ್ಪ ಮಾಡಿಸುವ ಊರು, ತಾನು ಯಾವುದನ್ನು ಮಾಡುತ್ತಿದ್ದೇನೆ ಎಂದು ಕೇಳಿಕೊಳ್ಳಬೇಕು.

ಈಗ ನಮ್ಮ ಅಂಗಳಕ್ಕೆ ಬರೋಣ. ಐವತ್ತು ವರ್ಷದ ಲೆಕ್ಕ ಹೇಳುವಾಗ ನಾವು ಪಾಸಾದವರನ್ನು ಎಣಿಸುತ್ತೇವೆ. ಡಾಕ್ಟರಾದವರು, ಮೇಷ್ಟ್ರಾದವರು, ಸೈನ್ಯಕ್ಕೆ ಸೇರಿದವರು, ನನ್ನ ಹಾಗೆ ಕಂಪನಿ ಸೇರಿದವರು. ಎಸ್ಸೆಸ್ಸೆಲ್ಸಿ ಗುಂಪುಚಿತ್ರಗಳನ್ನು ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ್ದೇವೆ, ಚೆನ್ನಾಗಿದೆ. ಆ ಚಿತ್ರಗಳಲ್ಲಿ ಇಲ್ಲದವರು ಯಾರು? ಎಂಟನೇ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ಲೆಕ್ಕದಲ್ಲಿ ನನಗಿಂತ ಚುರುಕು. ಒಂದು ವರ್ಷ ಅಡಿಕೆ ಸುಲಿಯುವ ಕೆಲಸಕ್ಕೆ ಅಪ್ಪ ಅಮ್ಮನ ಜೊತೆ ಹೋದವನು ಮತ್ತೆ ಬರಲಿಲ್ಲ. ಒಂಬತ್ತನೇ ತರಗತಿಯ ನಡುವೆ ಮದುವೆಯಾಗಿ ಹೋದ ಹುಡುಗಿ ಇದ್ದಳು, ಪ್ರಾರ್ಥನೆ ಹೇಳಿಸುತ್ತಿದ್ದವಳು ಅವಳೇ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಕೆಂಪು ಗೆರೆ ಬಿತ್ತು. ಕರೆಯುವಾಗ ಒಂದು ವಾರ ಮೇಷ್ಟ್ರು ಅಭ್ಯಾಸಬಲದಿಂದ ಆ ಹೆಸರಿಗೆ ಬಂದು ನಿಲ್ಲುತ್ತಿದ್ದರು, ಆಮೇಲೆ ಮುಂದಕ್ಕೆ ಹೋಗುತ್ತಿದ್ದರು. ನಿಮ್ಮ ನಿಮ್ಮ ತರಗತಿಯಲ್ಲೂ ಇಂಥವರು ಇದ್ದೇ ಇರುತ್ತಾರೆ. ಇವತ್ತು ಈ ಸಭಾಂಗಣದಲ್ಲಿ ಅಂಥ ಕೆಲವರು ಕೂತಿರಲೂಬಹುದು. ಈ ಶಾಲೆ ಅವರದ್ದೂ ಹೌದು.

ಆ ತಂಗಿಯ ನಕ್ಷೆಯ ನಡುವಿನ ಖಾಲಿ ಜಾಗ ನನಗೆ ಅವರ ಜಾಗದಂತೆ ಕಾಣುತ್ತದೆ. ಅವಳು ಹಾಗೆಂದುಕೊಂಡೇ ಬರೆದಳೋ ಇಲ್ಲವೋ, ನಾನು ಕೇಳಿಲ್ಲ, ಕೇಳಬೇಕಾಗಿಯೂ ಇಲ್ಲ. ಜಾಗ ಕೊಟ್ಟ ಹಿರಿಯರ ಪ್ರತಿಮೆಯನ್ನು ಕಚೇರಿಯ ಒಳಗೆ ಗೌರವದಿಂದ ಇಡಬಹುದು. ಅವರ ಮುಖ ನಮಗೆ ನೆನಪಿರಬೇಕು, ಅದರಲ್ಲಿ ಎರಡು ಮಾತಿಲ್ಲ. ಅಂಗಳದ ನಡುವೆ ಮಾತ್ರ ಯಾವ ಮಗು ಬೇಕಾದರೂ ಹೋಗಿ ನಿಲ್ಲುವಂಥ ಜಾಗ ಇರಲಿ ಎಂಬುದು ನನ್ನ ಅಭಿಪ್ರಾಯ. ಕಲ್ಲನ್ನು ನಮ್ಮ ಕಡೆಯ ಕಲ್ಲುಕುಟಿಗರೇ ಕಡೆಯಲಿ. ತೀರ್ಮಾನ ಸಂಘದ್ದು ಮತ್ತು ಊರಿನದು.

ತೀರ್ಮಾನ ಏನೇ ಆಗಲಿ, ಒಂದು ಕೆಲಸವನ್ನು ಈಗಲೇ ಶುರು ಮಾಡಬಹುದು. ಶಾಲೆಯ ದಾಖಲಾತಿ ರಿಜಿಸ್ಟರುಗಳು ಕಚೇರಿಯ ಬೀರುವಿನಲ್ಲಿವೆ. ಮೊದಲ ವರ್ಷದ ಪುಸ್ತಕದ ಅಂಚನ್ನು ಆಗಲೇ ಗೆದ್ದಲು ಮುಟ್ಟಿದೆ. ಮುಖ್ಯೋಪಾಧ್ಯಾಯರು ಅನುಮತಿ ಕೊಟ್ಟರೆ, ಇಲ್ಲಿಗೆ ಸೇರಿದ ಪ್ರತಿಯೊಬ್ಬರ ಹೆಸರನ್ನೂ, ಪಾಸಾದವರು, ನಪಾಸಾದವರು, ಬಿಟ್ಟುಹೋದವರು ಎಂಬ ಭೇದವಿಲ್ಲದೆ, ಸೇರಿದ ವರ್ಷದ ಕ್ರಮದಲ್ಲಿ ಬರೆದಿಡೋಣ. ರಿಜಿಸ್ಟರಿನಲ್ಲಿ ಜಾತಿಯ ಕಲಂ ಇದೆ, ತಂದೆಯ ಕಸುಬಿನ ಕಲಂ ಇದೆ. ಅವನ್ನು ಬಿಡೋಣ. ಹೆಸರು ಮತ್ತು ವರ್ಷ ಸಾಕು. ಏನು ಉಳಿಸಬೇಕು, ಏನು ಬಿಡಬೇಕು ಎಂಬ ತೀರ್ಮಾನ ಅಲ್ಲಿಂದಲೇ ಶುರುವಾಗಲಿ. ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನ ಪಾಲಿಗೆ ಇರಲಿ. ಹಳೆಯ ಕೈಬರಹ ಓದಿ ಹೇಳಲು ಹಿರಿಯ ಮೇಷ್ಟ್ರುಗಳು ಬೇಕು, ಆಯಾ ಮನೆಯವರನ್ನು ಗುರುತಿಸಲು ಊರಿನವರು ಬೇಕು. ಬೇಸಿಗೆ ರಜೆಯ ಮೊದಲ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಕಚೇರಿಯ ಜಗಲಿಯಲ್ಲಿ ಕೂರೋಣ. ಬರುವವರು ಕನ್ನಡಕ ಮರೆಯದೆ ತನ್ನಿ.